ಪ್ರೊಫೆಸರಮ್ಮ ಇಲ್ಲ ಅನ್ನಲಿಲ್ಲ

ಮಾರ್ಚ್ ೪

ಮಗೂ,

ಫೋನು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನನ್ನ ಕಿವಿ ಈಗ ಪೂರ್ತಿ ಕೈಕೊಟ್ಟಿದೆ. ಎದುರಿಗಿದ್ದವರ ತುಟಿ ನೋಡಿ ಹೇಗೋ ನಿಭಾಯಿಸುತ್ತೇನೆ. ಫೋನಿನಲ್ಲಾದರೆ ನಾನೊಬ್ಬಳೇ ಮಾತಾಡಿ ಇಟ್ಟುಬಿಡಬೇಕು. ಅದು ಮಾತುಕತೆಯಲ್ಲ, ಭಾಷಣ. ಭಾಷಣಕಾರರು ಈಗಾಗಲೇ ಬೇಕಾದಷ್ಟಿದ್ದಾರೆ.

ಮೊದಲು ನಿನ್ನ ಧಾರಾವಾಹಿಯ ವಿಷಯ. 'ಕಿಟಕಿ ತೆರೆದಿರಲಿ'ಯನ್ನು ನಾನು ಒಂದು ವಾರವೂ ತಪ್ಪಿಸುವುದಿಲ್ಲ. ಕೆಳಗೆ ಬರುವ ಅಕ್ಷರ ಓದಿಕೊಂಡು ನೋಡುತ್ತೇನೆ. ಹಲ್ಲುನೋವಿದ್ದವರು ನಾಲಗೆಯಿಂದ ಮತ್ತೆ ಮತ್ತೆ ಅದೇ ಹಲ್ಲನ್ನು ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ. ಇಬ್ಬರು ವಿಜ್ಞಾನಿಗಳನ್ನು ಸೃಷ್ಟಿಸಿದ್ದೀಯ. ಅನುಮಾನದ ಮೇಷ್ಟ್ರು ಎಲ್ಲಕ್ಕೂ 'ಪುರಾವೆ ಎಲ್ಲಿ?' ಎನ್ನುತ್ತಾನೆ. ಪ್ರೊಫೆಸರಮ್ಮ ಎಲ್ಲಕ್ಕೂ 'ಯಾಕಾಗಬಾರದು?' ಎನ್ನುತ್ತಾಳೆ. ಕೊನೆಯಲ್ಲಿ ಅವಳು ಪ್ರಯೋಗಾಲಯದ ಕಿಟಕಿ ತೆರೆದು, 'ನಮಗೆ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಹೆಚ್ಚು' ಎಂದು ಆಕಾಶ ನೋಡುತ್ತಾಳೆ. ಅಡ್ಡಗೋಡೆಯ ಮೇಲೆ ದೀಪ. ಮೇಷ್ಟ್ರನ್ನು ನನ್ನನ್ನೇ ನೋಡಿ ಬರೆದೆಯೆಂದು ನಿನ್ನಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನನಗೆ ಮೀಸೆಯಿಲ್ಲ. ಉಳಿದದ್ದೆಲ್ಲ ಸರಿಯಾಗಿದೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ನಿನ್ನಮ್ಮನ ಎದೆಯಲ್ಲಿ ಗಂಟು ಸಿಕ್ಕಿದೆ. ಕೆಟ್ಟ ಗಂಟೇ. ಪರೀಕ್ಷೆಯೆಲ್ಲ ಮುಗಿದಿದೆ. ಇನ್ನೂ ಚಿಕ್ಕದು, ಈಗಲೇ ತೆಗೆಸಿದರೆ ಹೆಚ್ಚಿನವರು ಬದುಕುತ್ತಾರೆ, ಬಿಟ್ಟರೆ ಹರಡುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಾಳೆ. ನಿನ್ನಮ್ಮ ಒಲ್ಲೆ ಎನ್ನುತ್ತಾಳೆ. ನಿನ್ನಪ್ಪ ಆಪರೇಷನ್ನಿಗೆಂದು ತಮ್ಮ ಕಾಲ ಮೇಲೆ ನಡೆದು ಹೋದವರು ಹೇಗೆ ವಾಪಸು ಬಂದರೆಂದು ನಿನಗೂ ನೆನಪಿದೆ.

ಬರೀ ಹೆದರಿಕೆಯಾಗಿದ್ದರೆ ನಾನು ಬಗ್ಗಿಸುತ್ತಿದ್ದೆ. ಅವಳಿಗೆ ಬೇರೆ ದಾರಿ ಸಿಕ್ಕಿದೆ. ಪೇಟೆಯ ಔಷಧಿ ಅಂಗಡಿಯ ಮಹಡಿಯಲ್ಲಿ ಒಬ್ಬ ಬಂದು ಕೂತಿದ್ದಾನೆ, ಕಂಪನದವನು. ಶಾಲೆಯಲ್ಲಿ ಮೇಜಿಗೆ ಬಡಿದು ಕಿವಿಗೆ ಹಿಡಿಯುತ್ತಿದ್ದೆವಲ್ಲ, ಎರಡು ಕವಲಿನ ಉಕ್ಕಿನ ಕಡ್ಡಿ, ಅದನ್ನು ಬಡಿದು ಗಂಟಿನ ಮೇಲಿಡುತ್ತಾನೆ. ಗಂಟು ನಡುಗಿ ನಡುಗಿ ಕರಗುತ್ತದಂತೆ. ಹೋದ ವರ್ಷ ನೀನು ಇದೇ ಕಂಪನದ ಮೇಲೆ ಒಂದು ಕಂತು ಬರೆದಿದ್ದೆ. ಪ್ರೊಫೆಸರಮ್ಮ ಅದರಲ್ಲಿ, 'ಇಲ್ಲ ಅನ್ನೋಕೂ ನಮ್ಮ ಹತ್ರ ಪುರಾವೆ ಇಲ್ಲ' ಎಂದಿದ್ದಳು. ಆ ತುಣುಕನ್ನು ಅವನು ತನ್ನ ಕೋಣೆಯ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತಾನೆ.

ನಿನ್ನಮ್ಮನಿಗೆ ಬೇರೆ ಯಾವ ಸಾಕ್ಷಿಯೂ ಬೇಡ. 'ನನ್ನ ಮಗ ಬರೆದಿದ್ದು. ಅವನು ಸುಳ್ಳು ಬರೀತಾನೇನಕ್ಕ?'

ನೀನೇ ಹೇಳಬೇಕು. ಬೇಗ.

ನಿನ್ನ ದೊಡ್ಡಮ್ಮ


ಮಾರ್ಚ್ ೧೫

ದೊಡ್ಡಮ್ಮನಿಗೆ ನಮಸ್ಕಾರ.

ಕಾಗದ ಓದಿದ ಕೂಡಲೇ ಅಮ್ಮನಿಗೆ ಫೋನು ಮಾಡಿದೆ. ಆಮೇಲೆ ದಿನಾ ಮಾಡುತ್ತಿದ್ದೇನೆ. ಗೋಗರೆದೆ, ಬೈದೆ, ಒಂದು ಸಲ ಅತ್ತೂಬಿಟ್ಟೆ. ಅವಳು ನಗುತ್ತಾಳೆ. 'ನೋಡು ಮಗಾ, ಈಗ ನೀನು ಮಗನಾಗಿ ಹೆದರ್ಕೊಂಡು ಮಾತಾಡ್ತಿದ್ದೀಯ. ಬುದ್ಧಿ ನೆಟ್ಟಗಿಟ್ಕೊಂಡು ಕೂತು ಬರೆದಾಗ ಏನು ಬರ್ದಿದ್ದೀಯೋ ನನಗೆ ಅದು ಮುಖ್ಯ' ಎನ್ನುತ್ತಾಳೆ. ಅದು ಕಥೆ ಕಣಮ್ಮ ಎಂದರೆ, 'ಕಥೇಲಿ ತಾನೇ ಮನುಷ್ಯ ನಿಜ ಹೇಳೋದು' ಎಂದಳು. ಈ ಮಾತನ್ನು ಒಂದು ಸಂದರ್ಶನದಲ್ಲಿ ನಾನೇ ಹೇಳಿದ್ದೆ. ಅವಳು ಕತ್ತರಿಸಿ ಇಟ್ಟುಕೊಂಡಿದ್ದಾಳಂತೆ. ನಿಮ್ಮಿಂದ ಕಲಿತ ಚಟ.

ನಿಮ್ಮ ಬೈಗುಳ ಒಪ್ಪಿಕೊಂಡೆ. ಆದರೂ ಇಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನಿಮಗೆ ತಿಳಿದಿರಲಿ. ನಮ್ಮಲ್ಲೊಬ್ಬ ಇದ್ದಾನೆ, ನಾವೆಲ್ಲ ಅವನನ್ನು ತಕ್ಕಡಿ ಎನ್ನುತ್ತೇವೆ. ವಾಹಿನಿಯವರು ಇಟ್ಟಿರುವ ಮನುಷ್ಯ. ಸ್ಕ್ರಿಪ್ಟು ಓದುವಾಗ ಕೈಯಲ್ಲಿ ಗಡಿಯಾರ ಹಿಡಿದು ಕೂರುತ್ತಾನೆ. ಮೇಷ್ಟ್ರ ಮಾತು ಎಷ್ಟು ಹೊತ್ತೋ ಪ್ರೊಫೆಸರಮ್ಮನ ಮಾತೂ ಅಷ್ಟೇ ಹೊತ್ತು ಇರಬೇಕು. ತೀರ್ಪು ಕೊಡುವಂತಿಲ್ಲ. ನಂಬುವವನೂ ನೋಡಬೇಕು, ನಂಬದವನೂ ನೋಡಬೇಕು, ಇಬ್ಬರೂ ಸೋಪು ಕೊಳ್ಳಬೇಕು. ಶುರುವಿನಲ್ಲಿ ನನಗೆ ಇದು ನ್ಯಾಯವೆಂದೇ ಕಂಡಿತ್ತು. ತೆರೆದ ಮನಸ್ಸು ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ಒಂದು ಕಂತು ಬರೆಯುತ್ತೇನೆ. ಪ್ರೊಫೆಸರಮ್ಮನೇ ಬಾಯಿಬಿಟ್ಟು 'ಇಲ್ಲ' ಅನ್ನುತ್ತಾಳೆ. ಆಗ ಅಮ್ಮ ಕೇಳಲೇಬೇಕು.

ನಿಮ್ಮ ಮಗ


ಏಪ್ರಿಲ್ ೨

ಮಗೂ,

ಬೇಗ ಬರೆ. ಅಷ್ಟರಲ್ಲಿ ಇಲ್ಲಿಯ ವರದಿ ಕೇಳು.

ನಿನ್ನಮ್ಮನ ಜೊತೆ ಕಂಪನದವನ ಮಹಡಿಗೆ ಹೋಗಿದ್ದೆ. ಗೋಡೆಗೆ ಹೊಸ ಸುಣ್ಣ, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ನೀರಿನ ಡಬ್ಬ. ಬಂದವರೆಲ್ಲ ತಲೆ ಎತ್ತಿ ನಿನ್ನ ಪ್ರೊಫೆಸರಮ್ಮನನ್ನು ನೋಡುತ್ತಾರೆ. ಮೇಷ್ಟ್ರ ಭಾಗ ಮಾತ್ರ ಇಲ್ಲ. ಅವನ ತಕ್ಕಡಿಗೆ ಒಂದೇ ತಟ್ಟೆ.

ನನಗೆ ಈ ಕೋಣೆ ಹೊಸದಲ್ಲ. ಪತ್ರಿಕಾ ಕಚೇರಿಯಲ್ಲಿ ಜೀವಮಾನವೆಲ್ಲ ನಾನು ಮಾಡಿದ್ದೇನು? ಹಳೆಯ ಸುದ್ದಿ ಕತ್ತರಿಸಿ, ವಿಷಯ ಬರೆದು, ಲಕೋಟೆಗೆ ತುಂಬಿದ್ದು. ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. 'ಪವಾಡ ಚಿಕಿತ್ಸೆ' ಎಂಬ ಲಕೋಟೆ ಹರಿದುಹೋಗುವಷ್ಟು ದಪ್ಪವಾಗಿತ್ತು. ತಾಮ್ರದ ಬಳೆಯವನು, ನೀಲಿ ಸೀಸೆಯ ನೀರಿನವನು, ಅಯಸ್ಕಾಂತದ ಹಾಸಿಗೆಯವನು. ಒಬ್ಬೊಬ್ಬನದೂ ಒಂದೇ ಕಥೆ: ಮೊದಲು ದೊಡ್ಡ ಅಕ್ಷರದಲ್ಲಿ ಅವನ ಫೋಟೋ, ಕೆಲವು ವರ್ಷದ ಮೇಲೆ ಒಳಪುಟದ ಮೂಲೆಯಲ್ಲಿ ಪೊಲೀಸರ ಎರಡು ಸಾಲು. ಸತ್ತವರ ಹೆಸರು ಅದರಲ್ಲಿರುತ್ತಿರಲಿಲ್ಲ. ಆಗಿನ ಪತ್ರಿಕೆಗಳೂ 'ಎರಡೂ ಕಡೆ ಕೇಳಬೇಕು' ಎನ್ನುತ್ತಿದ್ದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನೊಬ್ಬ, ಎತ್ತು ಈಯುವುದಿಲ್ಲ ಎನ್ನುವವನೊಬ್ಬ. ಇಬ್ಬರಿಗೂ ಸಮಸಮ ಜಾಗ.

ಅವನು ಒಳ್ಳೆಯ ಮಾತುಗಾರ. ನಿನ್ನಮ್ಮನ ಭುಜ ಮುಟ್ಟಿ, 'ನೂರಕ್ಕೆ ನೂರು ಕರಗುತ್ತೆ ತಾಯಿ. ನಾನಿದ್ದೀನಲ್ಲ' ಎಂದ. ನಾನು ಬಾಯಿ ಹಾಕಿದೆ. 'ಹಾಗಾದ್ರೆ ನನ್ನ ಕಿವೀನೂ ಸರಿ ಮಾಡಿ. ಕಂಪನ ಅಂದ್ರೆ ಕಿವಿಗೇ ತಾನೇ ಮೊದಲು ಬೇಕಾಗಿರೋದು?'

ಅವನಿಗೆ ಒಂಚೂರೂ ಸಿಟ್ಟು ಬರಲಿಲ್ಲ. 'ಅನುಮಾನ ಇರೋ ಕಡೆ ಕಂಪನ ಇಳಿಯಲ್ಲ ಅಕ್ಕ' ಎಂದ.

ಮೆಟ್ಟಿಲಿಳಿಯುವಾಗ ನಿನ್ನಮ್ಮ ನನ್ನ ಕೈ ಕೊಡವಿದಳು. 'ನೀನು ಇನ್ನು ಬರಬೇಡ. ನೀನಿದ್ರೆ ನನಗೂ ಇಳಿಯಲ್ಲ.'

ನಿನ್ನ ದೊಡ್ಡಮ್ಮ


ಮೇ ೯

ದೊಡ್ಡಮ್ಮ,

ಪ್ರಸಾರವಾದದ್ದನ್ನು ನೋಡಿರುತ್ತೀರಿ. ನಾನು ಬರೆದದ್ದು ಅದಲ್ಲ.

ಮೊದಲ ಪ್ರತಿಯಲ್ಲಿ ಕೊನೆಗೆ ಪ್ರೊಫೆಸರಮ್ಮ ಉಕ್ಕಿನ ಕಡ್ಡಿಯನ್ನು ಮೇಜಿನ ಮೇಲಿಟ್ಟು, 'ಇದು ಸದ್ದು ಮಾಡುತ್ತದೆ. ಅಷ್ಟೇ. ಇದನ್ನು ನಂಬಿ ಆಸ್ಪತ್ರೆ ಬಿಟ್ಟವರು ಸಾಯುತ್ತಾರೆ' ಎನ್ನುತ್ತಿದ್ದಳು. ತಕ್ಕಡಿ ಗಡಿಯಾರ ನಿಲ್ಲಿಸಿದ. 'ಇಬ್ಬರೂ ಒಂದೇ ಕಡೆ ಕೂತ್ಬಿಟ್ರಲ್ಲ ಸಾರ್! ಆ ಕಡೆ ಯಾರು?' ಆ ಕಡೆ ಯಾರೂ ಇರಬೇಕಾಗಿಲ್ಲವೆಂದು ಕೂಗಾಡಿದೆ. ನನ್ನಮ್ಮನ ವಿಷಯವನ್ನೂ ಹೇಳಿದೆ. ಪಾಪ, ಅವನಿಗೆ ನಿಜವಾಗಿಯೂ ಬೇಸರವಾಯಿತು. ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ. ಆಮೇಲೆ, ವಾಸಿಯಾದೆನೆಂದು ಹೇಳುವ ಒಬ್ಬ ಮುದುಕನ ಪಾತ್ರವನ್ನು ಬೇರೆಯವರ ಕೈಯಲ್ಲಿ ಬರೆಸಿ ನಡುವೆ ತುರುಕಿದ. ಕಿಟಕಿಯನ್ನೂ ತೆರೆಸಿದ.

ಅಮ್ಮ ಫೋನಿನಲ್ಲಿ, 'ಆ ಮುದುಕನ್ನ ಎಷ್ಟು ಚೆನ್ನಾಗಿ ಬರ್ದಿದ್ದೀಯೋ!' ಎಂದಳು.

ಇನ್ನೊಂದು ದಾರಿ ಹೊಳೆದಿದೆ. ಪ್ರೊಫೆಸರಮ್ಮನ ಪಾತ್ರ ಮಾಡುವ ನಟಿ ಒಳ್ಳೆಯ ಹೆಂಗಸು. ವಿಷಯ ಹೇಳಿದೆ. ತಾನೇ ಬಂದು ಅಮ್ಮನ ಹತ್ತಿರ ಮಾತಾಡುತ್ತೇನೆ ಎಂದಿದ್ದಾಳೆ, ಬಿಳಿ ಕೋಟು ಹಾಕಿಕೊಂಡೇ. ಮಾತುಗಳನ್ನು ಬರೆದುಕೊಟ್ಟಿದ್ದೇನೆ, ಬಾಯಿಪಾಠ ಮಾಡಿದ್ದಾಳೆ. ಅಮ್ಮ ನನ್ನ ಮಾತು ಕೇಳುವುದಿಲ್ಲ, ನಿಮ್ಮದೂ ಕೇಳುವುದಿಲ್ಲ, ಡಾಕ್ಟರಮ್ಮನದೂ ಕೇಳುವುದಿಲ್ಲ. ಪ್ರೊಫೆಸರಮ್ಮನ ಮಾತು ಕೇಳುತ್ತಾಳೆ.

ಇದು ನಾಟಕವೆಂದು ನಿಮಗೆ ಹೇಸಿಗೆಯಾಗಬಹುದು. ದಯವಿಟ್ಟು ಸುಮ್ಮನಿರಿ.

ನಿಮ್ಮ ಮಗ


ಜೂನ್ ೧

ಮಗೂ,

ನಿನ್ನ ನಟಿ ಬಂದಿದ್ದಳು. ನಿನಗೆ ಫೋನಿನಲ್ಲಿ ಅವಳು ಏನು ಹೇಳಿದಳೋ ಗೊತ್ತಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಿನ್ನಮ್ಮ ಬೆಳಗಿನಿಂದಲೇ ಸಡಗರದಲ್ಲಿದ್ದಳು. ಸೋಫಾದ ಹೊದಿಕೆ ಬದಲಿಸಿದಳು, ತಲೆ ಬಾಚಿ, ಬಿಚ್ಚಿ, ಮತ್ತೆ ಬಾಚಿದಳು. ನಟಿ ಬಾಗಿಲಿಗೆ ಬಂದದ್ದೇ ತಡ, ನಿನ್ನಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಪಕ್ಕದ ಮನೆಯವರು ಇಣುಕಿದರು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ಅಷ್ಟು ಬೆಳಕು ನೋಡಿದೆ.

ನೀನು ಬರೆದ ಮಾತುಗಳನ್ನು ಅವಳು ಚೆನ್ನಾಗಿ ಹೇಳಿದಳು. ಕಂಪನದಿಂದ ಗಂಟು ಕರಗುವುದಿಲ್ಲ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ, ಆಸ್ಪತ್ರೆಗೆ ಹೋಗಿ ಎಂದಳು. ನಿನ್ನಮ್ಮ ತಲೆಯಾಡಿಸುತ್ತ ಕೇಳಿದಳು. ಗೆದ್ದೆವು ಎಂದುಕೊಂಡೆ.

ಆಮೇಲೆ ನಿನ್ನಮ್ಮ ಕೇಳಿದಳು. 'ಹೋಗ್ತೀನಮ್ಮ. ನೀವು ಹೇಳಿದ್ಮೇಲೆ ಹೋಗದೆ ಇರ್ತೀನಾ. ಒಂದೇ ಮಾತು ಹೇಳ್ಬಿಡಿ. ಆಪರೇಷನ್ ಮಾಡಿಸ್ಕೊಂಡ್ರೆ ನಾನು ಬದುಕೋದು ಖಂಡಿತ ತಾನೇ?'

ನೀನು ಬರೆದುಕೊಟ್ಟ ಮಾತುಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲವೆಂದು ಕಾಣುತ್ತದೆ. ನಟಿ ನನ್ನ ಕಡೆ ನೋಡಿದಳು. ಕೋಟಿನ ಗುಂಡಿ ತಿರುವಿದಳು. ಇಷ್ಟು ವರ್ಷ ಪ್ರತಿ ವಾರ ಒಂದೇ ರೀತಿ ಮಾತಾಡಿ ಮಾತಾಡಿ ಅವಳ ನಾಲಗೆ ಅದಕ್ಕೇ ಪಳಗಿಬಿಟ್ಟಿದೆ. ಜೊತೆಗೆ ಮುಗ್ಧೆ, ಎದುರಿಗೆ ಕೂತ ರೋಗಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. 'ಖಂಡಿತ ಅಂತ ವಿಜ್ಞಾನ ಯಾವತ್ತೂ ಹೇಳಲ್ಲಮ್ಮ' ಎಂದಳು.

'ಕಂಪನದವರು ಹೇಳ್ತಾರಲ್ಲ' ಎಂದಳು ನಿನ್ನಮ್ಮ. ಸಿಟ್ಟಿನಿಂದಲ್ಲ, ನಿಜವಾಗಿ ಗೊಂದಲವಾಗಿ. ಆಮೇಲೆ ನನ್ನ ಕಡೆ ತಿರುಗಿದಳು. 'ಅಕ್ಕಾ, ನೀನಾದ್ರೂ ಹೇಳು. ಖಂಡಿತಾನಾ?'

ಒಂದು ಪದ ಸಾಕಿತ್ತು. ಯಾವ ಅಂಗಡಿಯಲ್ಲಾದರೂ ಅಗ್ಗಕ್ಕೆ ಸಿಗುವ ಪದ. ಜನ್ಮವಿಡೀ ನಾನು ಅದನ್ನು ಮಾರುವವರನ್ನು ಬೈದುಕೊಂಡು ಬಂದವಳು. 'ಹತ್ತು ಜನರಲ್ಲಿ ಎಂಟು ಜನಕ್ಕೆ ವಾಸಿಯಾಗುತ್ತೆ ಅಂತ ಡಾಕ್ಟರಮ್ಮ ಹೇಳಿದಾಳೆ' ಎಂದೆ.

ನಿನ್ನಮ್ಮ ಸ್ವಲ್ಪ ಹೊತ್ತು ಸೋಫಾದ ಹೊದಿಕೆ ಸವರಿದಳು. 'ನಮ್ಮ ಯಜಮಾನ್ರು ಆ ಇನ್ನಿಬ್ಬರಲ್ಲಿ ಒಬ್ಬರು' ಎಂದಳು.

ನಟಿಗೆ ಕಾಫಿ ಕೊಟ್ಟು, ಹಸ್ತಾಕ್ಷರ ಹಾಕಿಸಿಕೊಂಡು, ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟಳು. ಮಾರನೆಯ ದಿನ ಮಹಡಿ ಹತ್ತಿದಳು.

ಈಗ ಕಾಗದ ಬೇಡ, ನೀನೇ ಬಾ.

ದೊಡ್ಡಮ್ಮ


ಜುಲೈ ೧೨

ದೊಡ್ಡಮ್ಮ,

ಒಂದೂವರೆ ತಿಂಗಳಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಅಮ್ಮ ಚೆನ್ನಾಗಿದ್ದೇನೆ ಎನ್ನುತ್ತಾಳೆ. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಾಳೆ. ಮೆಟ್ಟಿಲು ಹತ್ತಿ ಬಂದೆ, ಅದಕ್ಕೇ ಎನ್ನುತ್ತಾಳೆ. ಯಾವಾಗ ಫೋನು ಮಾಡಿದರೂ ಆಗತಾನೇ ಮೆಟ್ಟಿಲು ಹತ್ತಿರುತ್ತಾಳೆ.

ಬರುತ್ತೇನೆ. ಚಿತ್ರೀಕರಣ ಇದೆ ಎನ್ನುವುದು ನೆಪ. ಬಂದರೆ ಅವಳು ನನ್ನನ್ನೂ ಅದೇ ಪ್ರಶ್ನೆ ಕೇಳುತ್ತಾಳೆ.

ಅವತ್ತು ನೀವು 'ಹತ್ತರಲ್ಲಿ ಎಂಟು' ಎಂದೇಕೆ ಹೇಳಿದಿರಿ ಎಂದು ಕೇಳಲು ಮೂರು ಸಲ ಕಾಗದ ಬರೆದು ಹರಿದೆ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ನಿಮ್ಮ ಕೈಯಲ್ಲಿ ಬೆಳೆದವನು.

ನಿಮ್ಮ ಮಗ


ಆಗಸ್ಟ್ ೧೮

ಮಗೂ,

ಬಂದೆ, ಕುರ್ಚಿಯ ತುದಿಯಲ್ಲಿ ಕೂತೆ, ಹೋದೆ. ತಪ್ಪೆಂದು ಹೇಳುತ್ತಿಲ್ಲ. ಅವಳ ಊದಿದ ತೋಳು ನೋಡಿದ ಮೇಲೆ ನಿನ್ನ ಮುಖ ಏನಾಯಿತೆಂದು ನಾನು ಕಂಡೆ. ಅವಳೂ ಕಂಡಳು.

ನೀನು ವಾಪಸು ಹೋದ ವಾರವೇ ಅವಳಾಗಿಯೇ ಆಸ್ಪತ್ರೆಗೆ ಹೋಗೋಣ ಎಂದಳು. ಆ ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬರೀ ನೋವಿನ ಮಾತ್ರೆ ಬರೆದುಕೊಟ್ಟಳು. ಬೇರೇನೂ ಬರೆಯಲಿಲ್ಲ.

ಕಂಪನದವನೂ ಈಗ ಇವಳನ್ನು ಒಳಗೆ ಬಿಡುವುದಿಲ್ಲ. 'ಮನೇಲೇ ವಿಶ್ರಾಂತಿ ತಗೊಳ್ಳಿ ತಾಯಿ' ಎಂದು ಬಾಗಿಲಲ್ಲೇ ಹೇಳಿ ಕಳಿಸಿದನಂತೆ. ಅವನ ಕೋಣೆಯಲ್ಲಿ ಯಾರೂ ಸಾಯುವಂತಿಲ್ಲವಲ್ಲ.

ನಾನು ಈಗ ನಿನ್ನಮ್ಮನ ಪಕ್ಕದಲ್ಲೇ ಮಲಗುತ್ತೇನೆ. ಅವಳು ನರಳಿದರೆ ನನಗೆ ಕೇಳುವುದಿಲ್ಲವೆಂದು ಅವಳ ಮಣಿಕಟ್ಟಿಗೆ ದಾರ ಕಟ್ಟಿ ನನ್ನ ಮಣಿಕಟ್ಟಿಗೆ ಸೇರಿಸಿಕೊಂಡಿದ್ದೇನೆ. ನಿನ್ನೆ ದಾರ ಎಳೆದಳು. ಎದ್ದು ದೀಪ ಹಾಕಿ ಕೂತೆ. 'ಅಕ್ಕಾ, ಆ ಮುದುಕ ಬಾಯಲ್ಲಿ ಹೇಳಿದ್ದಷ್ಟೇ. ಇವನ ಕಥೇಲಿ ಯಾರಿಗೂ ವಾಸಿಯಾಗೋದನ್ನ ತೋರ್ಸೇ ಇಲ್ಲ ಅಲ್ವಾ? ಆಗ್ಬಹುದು, ಆಗದೇನೂ ಇರ್ಬಹುದು, ಅಷ್ಟೇ. ಒಬ್ಬಳಿಗಾದ್ರೂ ಆಗ್ಲಿ ಅನ್ನು. ನಾನು ನೋಡ್ಬೇಕು.'

ಬರೆ, ಮಗೂ. ಉಕ್ಕಿನ ಕಡ್ಡಿಯಿಂದ ಒಬ್ಬ ಹೆಂಗಸಿನ ಗಂಟು ಕರಗಿತೆಂದು ಬರೆ. ಇದನ್ನು ಕೇಳುತ್ತಿರುವವಳು ನಾನು.

ದೊಡ್ಡಮ್ಮ


ಸೆಪ್ಟೆಂಬರ್ ೧೦

ದೊಡ್ಡಮ್ಮ,

ಬರೆದೆ. ಇಡೀ ಧಾರಾವಾಹಿಯಲ್ಲಿ ಇಷ್ಟು ಸಲೀಸಾಗಿ ಏನನ್ನೂ ಬರೆದಿರಲಿಲ್ಲ. ಹೆಂಗಸು ವಾಸಿಯಾಗಿ ಹೊಲಿಗೆಯಂತ್ರದ ಮುಂದೆ ಕೂರುತ್ತಾಳೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, 'ನಾನು ಸೋತೆ' ಎನ್ನುತ್ತಾನೆ.

ಅಮ್ಮನಿಗೆ ಮಾತ್ರ ತೋರಿಸಲು ಒಂದು ಪ್ರತಿ ಮಾಡಿಕೊಡಿ, ಪ್ರಸಾರ ಬೇಡ ಎಂದು ಕೇಳಿಕೊಂಡೆ. ವಾಹಿನಿಯವರು ನಕ್ಕರು. ಇಷ್ಟು ಖರ್ಚು ಮಾಡಿ ಚಿತ್ರೀಕರಿಸಿದ್ದನ್ನು ಒಬ್ಬರಿಗೆ ತೋರಿಸುವುದುಂಟೇ? ತಕ್ಕಡಿಯನ್ನೂ ಹಿಡಿದು ಕೇಳಿದೆ. ಇದರಲ್ಲಿ ಇಬ್ಬರೂ ಒಂದೇ ಕಡೆ ಇದ್ದಾರಲ್ಲ, ಆ ಕಡೆ ಯಾರು? ಅವನು ಗಡಿಯಾರವನ್ನು ಜೇಬಿನಿಂದ ತೆಗೆಯಲೇ ಇಲ್ಲ. 'ಒಳ್ಳೇದಾಗೋದಕ್ಕೆ ಯಾರು ಸಾರ್ ಆಕ್ಷೇಪಣೆ ಮಾಡ್ತಾರೆ?' ಎಂದ. ಕಣ್ಣೊರೆಸಿಕೊಳ್ಳುತ್ತಿದ್ದ.

ಬರುವ ವಾರ ಪ್ರಸಾರವಾಗುತ್ತದೆ. ಅಮ್ಮ ಎಚ್ಚರವಾಗಿರುವ ಹಾಗೆ ನೋಡಿಕೊಳ್ಳಿ. ಮಾತ್ರೆಯನ್ನು ಸ್ವಲ್ಪ ತಡವಾಗಿ ಕೊಡಿ.

ನಿಮ್ಮ ಮಗ


ನವೆಂಬರ್ ೬

ಮಗೂ,

ತಿಥಿಯೆಲ್ಲ ಮುಗಿಸಿ ನೀನು ಹೊರಟಾಗ ಬಸ್ಸಿನ ಕಿಟಕಿಯಿಂದ ಕೇಳಿದೆ, 'ಅಮ್ಮ ಅದನ್ನ ನೋಡಿದ್ಲಾ?' ನಾನು ಕೇಳಿಸದವಳ ಹಾಗೆ ಕೈ ಬೀಸಿದೆ. ನಿನ್ನ ತುಟಿ ನನಗೆ ಸ್ಪಷ್ಟವಾಗಿಯೇ ಕಂಡಿತ್ತು.

ನೋಡಿದಳು. ದಿಂಬಿಗೆ ಒರಗಿಸಿ ಕೂರಿಸಿದ್ದೆ. ಆ ಹೆಂಗಸು ನಡೆದುಕೊಂಡು ಬಂದು ಹೊಲಿಗೆಯಂತ್ರದ ಮುಂದೆ ಕೂತಾಗ ನಾನು ಟಿವಿ ಬಿಟ್ಟು ನಿನ್ನಮ್ಮನ ಮುಖ ನೋಡಿದೆ. ಖುಷಿಯಾಗಲಿಲ್ಲ, ಮಗೂ. ಶಾಲೆಯಲ್ಲಿ ಎಲ್ಲರಿಗೂ ಬಂದ ಲೆಕ್ಕ ತನಗೊಬ್ಬಳಿಗೇ ಬಾರದ ಹುಡುಗಿಯ ಹಾಗಿತ್ತು ಮುಖ. 'ನಾನು ಸರಿಯಾಗಿ ನಂಬ್ಲಿಲ್ವೇನೋ ಅಕ್ಕ' ಎಂದಳು. ಅಲ್ಲ ಕಣೇ, ಅದು ಸುಳ್ಳು, ನಾವೇ ಬರೆಸಿದ್ದು ಎಂದೆ. ಕಣ್ಣು ಮುಚ್ಚಿದ್ದಳು. ಕೇಳಿಸಿತೋ ಇಲ್ಲವೋ. ಆಮೇಲೆ ಅವಳು ನನ್ನ ಹತ್ತಿರ ನೀರು ಬಿಟ್ಟು ಬೇರೇನೂ ಕೇಳಲಿಲ್ಲ.

ಕೆಲಸ ಬಿಟ್ಟೆನೆಂದು ಬರೆದಿದ್ದೀಯ. ಒಳ್ಳೆಯದು. ಪ್ರೊಫೆಸರಮ್ಮನಿಗೆ ಬೇರೆ ಯಾರೋ ಮಾತು ಬರೆದುಕೊಡುತ್ತಿದ್ದಾರೆ. ಕಿಟಕಿ ತೆರೆದೇ ಇದೆ.

ಔಷಧಿ ಅಂಗಡಿಯ ಮಹಡಿಯಲ್ಲಿ ಈಗ ಹೊಸ ಕಂತು ಓಡುತ್ತಿದೆ. ಮೇಷ್ಟ್ರ ಭಾಗವನ್ನೂ ಸೇರಿಸಿಕೊಂಡಿದ್ದಾನೆ, ಸೋತೆ ಎನ್ನುವ ಕಡೆ. ಜನ ಮೆಟ್ಟಿಲು ತುಂಬಿ ಬೀದಿಯಲ್ಲಿ ನಿಂತಿರುತ್ತಾರೆ. ನಾನು ಬೆಳಿಗ್ಗೆ ಹೋಗಿ ಅವರ ನಡುವೆ ನಿಲ್ಲುತ್ತೇನೆ. ಇದರಿಂದ ಗಂಟು ಕರಗುವುದಿಲ್ಲ, ಆಸ್ಪತ್ರೆಗೆ ಹೋಗಿ ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ಕೆಲವರು ಜರುಗಿ ನಿಲ್ಲುತ್ತಾರೆ, ಕೆಲವರು ಮುದುಕಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ತುಟಿ ಓದುವವಳ ಎದುರಿಗೆ ಪಿಸುಗುಟ್ಟಿ ಏನು ಪ್ರಯೋಜನ?

ಇವತ್ತು ಒಬ್ಬಾಕೆ ನಿಂತು ಪೂರ್ತಿ ಕೇಳಿದಳು. ನಿನ್ನಮ್ಮನಿಗಿಂತ ಚಿಕ್ಕವಳು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು.

'ಆದ್ರೆ ಟಿವೀಲಿ ಆ ಹೆಂಗಸಿಗೆ ವಾಸಿಯಾಯ್ತಲ್ಲಮ್ಮ?'

'ಅದು ಕಥೆ ಕಣಮ್ಮ. ಬರೆದವನು ನಮ್ಮ ಹುಡುಗ. ಅವನಮ್ಮ, ನನ್ನ ತಂಗಿ, ಇದೇ ಗಂಟಿನಿಂದ ತೀರಿಕೊಂಡಳು.'

ಆಕೆಯ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡಳು. ನನಗೆ ಕಾಣಲಿ ಎಂದು ನಿಧಾನವಾಗಿ, ತುಟಿ ಬಿಡಿಸಿ ಹೇಳಿದಳು.

'ಅಯ್ಯೋ ಪಾಪ. ಅವರನ್ನೂ ಮೊದ್ಲೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಬದುಕ್ತಿದ್ರೇನೋ ಅಮ್ಮ.'

ದೊಡ್ಡಮ್ಮ